ಕ್ಲಾಸ್ ಕಣ್ಣೆದುರಿಗೇ ಇದೆ, ಪಿಎಚ್‌ಪಿ ಇಲ್ಲ ಅನ್ನುತ್ತದೆ: ನೇಮ್‌ಸ್ಪೇಸ್ ದೋಷ ಹುಡುಕುವ ಬಗೆ

ಪಿಎಚ್‌ಪಿ ಭಾಷೆಯಲ್ಲಿ ಬರೆದ ಫೈಲ್ ತೆರೆದರೆ ಕ್ಲಾಸ್ ಅಲ್ಲೇ ಕೂತಿದೆ. ಹೆಸರಿನಲ್ಲಿ ಅಕ್ಷರ ತಪ್ಪಿಲ್ಲ. ಆದರೂ ಪುಟ ತೆರೆದ ಕೂಡಲೇ ‘ಕ್ಲಾಸ್ ನಾಟ್ ಫೌಂಡ್’. ಆಗ ಬಹಳ ಜನ ಮಾಡುವುದು ಒಂದೇ ಕೆಲಸ: ಹೆಸರಿನ ಮುಂದೆ ಒಂದು ಬ್ಯಾಕ್‌ಸ್ಲ್ಯಾಶ್ ಹಾಕಿ ನೋಡುವುದು, ಆಗಲಿಲ್ಲವೆಂದರೆ ತೆಗೆದು ನೋಡುವುದು, ಮೇಲೊಂದು ಯೂಸ್ ಸಾಲು ಸೇರಿಸುವುದು. ಹತ್ತು ನಿಮಿಷದಲ್ಲಿ ಹೇಗೋ ಸರಿಹೋಗುತ್ತದೆ. ಯಾಕೆ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ, ಹಾಗಾಗಿ ಮುಂದಿನ ವಾರ ಅದೇ ಕಥೆ. ನಾನೂ ಎಷ್ಟೋ ವರ್ಷ ಹೀಗೇ ದಿನ ದೂಡಿದವನು.

ಉದಾಹರಣೆಗಳ ಬಗ್ಗೆ ಒಂದು ಮಾತು. ನೇಮ್‌ಸ್ಪೇಸ್, ಯೂಸ್, ನ್ಯೂ, ಕ್ಯಾಚ್ ಮುಂತಾದ ಕೀವರ್ಡ್‌ಗಳನ್ನೂ ಪಿಎಚ್‌ಪಿಯ ಸ್ವಂತ ಕ್ಲಾಸ್‌ಗಳ ಹೆಸರನ್ನೂ ಇಲ್ಲಿ ಉಚ್ಚಾರದ ಪ್ರಕಾರ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಅವು ಇಂಗ್ಲಿಷಿನಲ್ಲೇ ಇರಬೇಕು. ಆದರೆ ಮಂಡಿ, ಲೆಕ್ಕ, ರಸೀದಿ ಎಂಬಂಥ ನಾವೇ ಇಟ್ಟ ಹೆಸರುಗಳನ್ನು ಹೀಗೇ ಕನ್ನಡದಲ್ಲಿ ಬರೆದರೂ ಪಿಎಚ್‌ಪಿ ಒಪ್ಪುತ್ತದೆ. ಅದರಿಂದ ಬರುವ ಒಂದು ವಿಚಿತ್ರ ತೊಂದರೆಯನ್ನು ಕೊನೆಗೆ ಹೇಳುತ್ತೇನೆ.

ಮೊದಲು ಸಂದೇಶದಲ್ಲಿರುವ ಹೆಸರನ್ನು ಓದಿ

ನೀವು ಬರೆದ ಸಾಲು ಇದು:

$ದಿನ = ನ್ಯೂ ಡೇಟ್‌ಟೈಮ್();

ಬಂದ ತಪ್ಪು ಇದು:

ಕ್ಲಾಸ್ "ಮಂಡಿ\ಲೆಕ್ಕ\ಡೇಟ್‌ಟೈಮ್" ನಾಟ್ ಫೌಂಡ್

ಎಲ್ಲರ ಕಣ್ಣೂ ನಾಟ್ ಫೌಂಡ್ ಮೇಲೆ ಹೋಗುತ್ತದೆ. ನೋಡಬೇಕಾದದ್ದು ಉದ್ಧರಣ ಚಿಹ್ನೆಯ ಒಳಗೆ. ನೀವು ಬರೆದ ಹೆಸರನ್ನು ಪಿಎಚ್‌ಪಿ ಹೇಗೆ ಅರ್ಥ ಮಾಡಿಕೊಂಡಿತು ಅನ್ನುವುದನ್ನು ಅದು ಅಲ್ಲೇ ಪೂರ್ತಿ ಬಿಡಿಸಿ ಹೇಳಿದೆ. ನಿಮಗೆ ಬೇಕಿದ್ದ ಪೂರ್ಣ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಇದರ ಪಕ್ಕ ಇಡಿ. ಎರಡರ ನಡುವಿನ ವ್ಯತ್ಯಾಸವೇ ರೋಗದ ಹೆಸರು. ಇಲ್ಲಿ ಬೇಕಿದ್ದದ್ದು ಪಿಎಚ್‌ಪಿಯದೇ ಆದ ಡೇಟ್‌ಟೈಮ್, ಅದು ಹುಡುಕಿದ್ದು ನಮ್ಮ ಮಂಡಿ\ಲೆಕ್ಕದ ಒಳಗೆ.

ಯಾಕೆ ಅಲ್ಲಿ ಹುಡುಕಿತು? ಗಾಂಧಿ ಬಜಾರ್ ಬೆಂಗಳೂರಿನಲ್ಲೂ ಇದೆ, ಶಿವಮೊಗ್ಗದಲ್ಲೂ ಇದೆ. ಶಿವಮೊಗ್ಗದಲ್ಲಿ ಆಟೋ ಹತ್ತಿ ‘ಗಾಂಧಿ ಬಜಾರ್’ ಅಂದರೆ ಅವನು ಊರ ಹೆಸರು ಕೇಳುವುದಿಲ್ಲ, ಶಿವಮೊಗ್ಗದ್ದಕ್ಕೇ ಕರೆದೊಯ್ಯುತ್ತಾನೆ. ನೇಮ್‌ಸ್ಪೇಸ್ ಅಂದರೆ ಊರು. ಫೈಲಿನ ತಲೆಯಲ್ಲಿ ‘ನೇಮ್‌ಸ್ಪೇಸ್ ಮಂಡಿ\ಲೆಕ್ಕ;’ ಎಂದು ಬರೆದ ಮೇಲೆ ಆ ಫೈಲಿನಲ್ಲಿ ಬಿಡಿಯಾಗಿ ಬರೆದ ಕ್ಲಾಸ್ ಹೆಸರೆಲ್ಲ ಈ ಊರಿನದೇ ಎಂದು ಲೆಕ್ಕ. ಊರಲ್ಲಿ ಆ ಹೆಸರಿನವರು ಇಲ್ಲದಿದ್ದರೆ ಪಕ್ಕದ ಊರಿಗೆ ಹೋಗಿ ವಿಚಾರಿಸುವ ಅಭ್ಯಾಸ ಪಿಎಚ್‌ಪಿಗಿಲ್ಲ. ‘ಯೂಸ್ ಬೆಂಗಳೂರು\ಗಾಂಧಿಬಜಾರ್;’ ಅಂದರೆ ‘ಈ ಫೈಲ್ ಮುಗಿಯುವ ತನಕ ನಾನು ಗಾಂಧಿ ಬಜಾರ್ ಅಂದರೆ ಬೆಂಗಳೂರಿನದು ಅಂತ ತಿಳಿ’ ಎಂಬ ಕರಾರು, ಅಷ್ಟೇ. ಅದು ಯಾವ ಫೈಲನ್ನೂ ತೆರೆಯುವುದಿಲ್ಲ, ಅಂಥ ಕ್ಲಾಸ್ ಇದೆಯೇ ಅಂತಲೂ ನೋಡುವುದಿಲ್ಲ. ಯೂಸ್ ಸಾಲಿನಲ್ಲಿ ಕಾಗುಣಿತ ತಪ್ಪಿದರೆ ತಪ್ಪು ಆ ಸಾಲಿನಲ್ಲಿ ಕಾಣಿಸುವುದೇ ಇಲ್ಲ. ಇನ್ನೂರು ಸಾಲು ಕೆಳಗೆ, ಕ್ಲಾಸ್ ಬಳಸಿದ ಕಡೆ ಕಾಣಿಸುತ್ತದೆ.

ಈ ಗೋಜಲೆಲ್ಲ ಯಾಕೆ ಬೇಕಿತ್ತು ಅನ್ನುವವರಿಗೆ ಒಂದು ಹಳೆಯ ಪ್ರಸಂಗ. 2005ರ ನವೆಂಬರ್‌ನಲ್ಲಿ ಪಿಎಚ್‌ಪಿ 5.1.0 ಬಂದಾಗ ಭಾಷೆಯೊಳಗೇ ಡೇಟ್ ಎಂಬ ಕ್ಲಾಸ್ ಸೇರಿಸಿದ್ದರು. ಪೇರ್ ಎಂಬ ಪಿಎಚ್‌ಪಿ ಲೈಬ್ರರಿಗಳ ಸಂಗ್ರಹದಲ್ಲಿ ಅದಾಗಲೇ ಡೇಟ್ ಹೆಸರಿನ ಕ್ಲಾಸ್ ಇತ್ತು, ಜನ ಬಳಸುತ್ತಿದ್ದರು. ಒಂದೇ ಹೆಸರಿನ ಇಬ್ಬರು ಒಂದೇ ಮನೆಯಲ್ಲಿ ಇರುವಂತಿಲ್ಲ. ಕೆಲವೇ ದಿನಗಳಲ್ಲಿ 5.1.1 ಹೊರತಂದು ಆ ಹೊಸ ಕ್ಲಾಸನ್ನು ಮುಚ್ಚಿಹಾಕಿದರು. ಆಗಿನ ಲೈಬ್ರರಿಗಳಲ್ಲಿ ಝೆಂಡ್_ಡಿಬಿ_ಟೇಬಲ್ ಎಂಬಂಥ ರೈಲುಬಂಡಿ ಹೆಸರುಗಳಿದ್ದದ್ದು ಇದೇ ಭಯಕ್ಕೆ. 2009ರ ಜೂನ್‌ನಲ್ಲಿ ಬಂದ 5.3ರಲ್ಲಿ ನೇಮ್‌ಸ್ಪೇಸ್ ಸೇರಿತು. ಎರಡು ಕೋಲನ್ನನ್ನೇ ಗುರುತಾಗಿ ಇಡುವ ಯೋಚನೆ ಮೊದಲಿತ್ತು, ಆದರೆ ಅದು ಸ್ಟ್ಯಾಟಿಕ್ ಮೆಥಡ್ ಕರೆಯುವ ಗುರುತೂ ಆಗಿದ್ದರಿಂದ ಯಾವುದು ಯಾವುದೆಂದು ಗೊಂದಲವಾಗುತ್ತಿತ್ತು. 2008ರ ಅಕ್ಟೋಬರ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಎಂದು ತೀರ್ಮಾನವಾಯಿತು. ಅಂದವಿಲ್ಲ ಅಂತ ಬೈದವರು ಬಹಳ. ನನಗೆ ಅಂದದ ತಕರಾರಿಲ್ಲ. ಸ್ಟ್ರಿಂಗ್ ಒಳಗೆ ಅದು ಕೊಡುವ ಕಾಟದ ಬಗ್ಗೆ ಇದೆ, ಮುಂದೆ ಬರುತ್ತದೆ.

ವ್ಯತ್ಯಾಸ ಏನು ಹೇಳುತ್ತದೆ

ಸಂದೇಶದಲ್ಲಿ ನಿಮ್ಮ ಊರ ಹೆಸರು ಬೇಡದ ಕಡೆ ಅಂಟಿಕೊಂಡಿದ್ದರೆ, ಮೇಲಿನ ಡೇಟ್‌ಟೈಮ್‌ನಂತೆ, ಯೂಸ್ ಸಾಲು ಬಿಟ್ಟುಹೋಗಿದೆ. ಮೇಲೆ ‘ಯೂಸ್ ಡೇಟ್‌ಟೈಮ್;’ ಹಾಕಿ, ಇಲ್ಲವೇ ಬಳಸುವಲ್ಲೇ \ಡೇಟ್‌ಟೈಮ್ ಎಂದು ಬರೆಯಿರಿ. ಎರಡಕ್ಕೂ ಫಲ ಒಂದೇ.

ಊರ ಹೆಸರು ಎರಡೆರಡು ಸಲ ಬಂದಿದ್ದರೆ, ಅಂದರೆ ಮಂಡಿ\ಲೆಕ್ಕ\ಮಂಡಿ\ಲೆಕ್ಕ\ರಸೀದಿ ಎಂದಿದ್ದರೆ, ನೀವು ಕೋಡಿನ ನಡುವೆ ಪೂರ್ಣ ಹೆಸರು ಬರೆದಿದ್ದೀರಿ, ಮುಂದಿನ ಸ್ಲ್ಯಾಶ್ ಬಿಟ್ಟಿದ್ದೀರಿ. ಮೊದಲ ಸ್ಲ್ಯಾಶ್ ಇಲ್ಲದ ಹೆಸರು ಎಷ್ಟೇ ಉದ್ದವಿದ್ದರೂ ಈ ಊರಿನಿಂದ ಹೊರಟ ದಾರಿ ಎಂದೇ ಅರ್ಥ. ಯೂಸ್ ಸಾಲಿನಲ್ಲಿ ಮಾತ್ರ ಹೆಸರು ಯಾವಾಗಲೂ ಪೂರ್ಣವೇ, ಅಲ್ಲಿ ಮುಂದಿನ ಸ್ಲ್ಯಾಶ್ ಬೇಕಿಲ್ಲ. ಒಂದೇ ಹೆಸರು ಎರಡು ಕಡೆ ಎರಡು ರೀತಿ ಬರೆಯಬೇಕಾಗಿ ಬರುವುದರಿಂದಲೇ ಅರ್ಧ ಗೊಂದಲ.

ಹೆಸರು ಬರೀ ‘ರಸೀದಿ’ ಅಂತ ಒಂಟಿಯಾಗಿ ಬಂದಿದ್ದರೆ ಆ ಸಾಲು ಯಾವ ಊರಿಗೂ ಸೇರದ ಫೈಲಿನಲ್ಲಿದೆ. ಹೆಚ್ಚಿನ ಸಲ ಇದು ಟೆಂಪ್ಲೇಟ್ ಫೈಲ್. ಕಂಟ್ರೋಲರ್‌ನಲ್ಲಿ ಯೂಸ್ ಬರೆದಿದ್ದೇನಲ್ಲ, ಅದರಿಂದಲೇ ತಾನೇ ಇದನ್ನು ಇನ್‌ಕ್ಲೂಡ್ ಮಾಡಿದ್ದು ಎಂದು ವಾದಿಸಬೇಡಿ. ಯೂಸ್ ಕರಾರು ಬರೆದ ಫೈಲಿಗಷ್ಟೇ, ಇನ್‌ಕ್ಲೂಡ್ ಆದ ಫೈಲಿಗೆ ಅದು ದಾಟುವುದಿಲ್ಲ. ಟೆಂಪ್ಲೇಟ್ ಅಲ್ಲವಾದರೆ ಹೆಸರು ಸ್ಟ್ರಿಂಗ್‌ನಿಂದ ಬಂದಿರಬಹುದು.

ಫಂಕ್ಷನ್‌ಗಳ ನ್ಯಾಯ ಬೇರೆ. ಬಿಡಿಯಾಗಿ ಬರೆದ ಫಂಕ್ಷನ್ ಊರಲ್ಲಿ ಸಿಗದಿದ್ದರೆ ಪಿಎಚ್‌ಪಿ ಗ್ಲೋಬಲ್‌ನಲ್ಲೂ, ಅಂದರೆ ಯಾವ ಊರಿಗೂ ಸೇರದ ಹೆಸರುಗಳಲ್ಲೂ, ನೋಡುತ್ತದೆ, ಕಾನ್ಸ್ಟಂಟ್‌ಗಳಿಗೂ ಹಾಗೇ. ಸ್ಟ್ರಿಂಗಿನ ಉದ್ದ ಹೇಳುವ ಸ್ಟ್ರ್‌ಲೆನ್ ಎಲ್ಲಿ ಬರೆದರೂ ನಡೆಯುವುದು ಅದಕ್ಕೇ. ಈ ಸೌಜನ್ಯ ಕ್ಲಾಸ್‌ಗೆ ಇಲ್ಲದಿರುವುದರಿಂದ ಹೊಸಬರು ‘ಸ್ಟ್ರ್‌ಲೆನ್ ಸಿಗುತ್ತೆ, ಡೇಟ್‌ಟೈಮ್ ಯಾಕೆ ಸಿಗಲ್ಲ’ ಎಂದು ತಲೆ ಕೆರೆದುಕೊಳ್ಳುತ್ತಾರೆ. ಬೇರೆ ಊರಿನ ನಮ್ಮದೇ ಫಂಕ್ಷನ್ ಬೇಕಾದರೆ ‘ಯೂಸ್ ಫಂಕ್ಷನ್ ಮಂಡಿ\ಲೆಕ್ಕ\ರೂಪಾಯಿ;’ ಅನ್ನಬೇಕು, ಇದು 2014ರ 5.6ರಿಂದ ಇದೆ. ನಡುವಿನ ಫಂಕ್ಷನ್ ಪದ ಬಿಟ್ಟರೆ ಪಿಎಚ್‌ಪಿ ಅದನ್ನು ಕ್ಲಾಸ್ ಎಂದು ತಿಳಿದು ಸುಮ್ಮನಾಗುತ್ತದೆ, ಕರೆದಾಗ ಮಾತ್ರ ಕೈಕೊಡುತ್ತದೆ.

ಸಂದೇಹ ಬಂದರೆ ಅದೇ ಫೈಲಿನಲ್ಲಿ, ತಪ್ಪು ಬಂದ ಸಾಲಿನ ಮೇಲೆ ಒಂದು ಸಾಲು ಬರೆಯಿರಿ:

ಎಕೋ ರಸೀದಿ::ಕ್ಲಾಸ್;

ಕ್ಲಾಸ್ ಇರಲಿ ಬಿಡಲಿ, ಆ ಫೈಲಿನಲ್ಲಿ ಆ ಹೆಸರಿನ ಪೂರ್ಣ ರೂಪ ಏನೆಂದು ಇದು ಹೇಳುತ್ತದೆ. ನನ್ನ ಪ್ರಕಾರ ನೇಮ್‌ಸ್ಪೇಸ್ ದೋಷಕ್ಕೆ ಇದಕ್ಕಿಂತ ಒಳ್ಳೆಯ ಥರ್ಮಾಮೀಟರ್ ಇಲ್ಲ.

ಹೆಸರು ಸರಿಯಿದ್ದರೂ ಸಿಗದಿದ್ದರೆ

ಚೀಟಿಯ ಹೆಸರೂ ಸಂದೇಶದ ಹೆಸರೂ ಅಕ್ಷರಶಃ ಒಂದೇ ಆಗಿದ್ದರೆ ಸ್ಲ್ಯಾಶ್ ಆಟ ಅಲ್ಲಿಗೇ ನಿಲ್ಲಿಸಿ. ನೇಮ್‌ಸ್ಪೇಸ್ ಸರಿಯಿದೆ, ಫೈಲ್ ಸಿಕ್ಕಿಲ್ಲ. ಈಗ ವಿಚಾರಿಸಬೇಕಾದದ್ದು ಕ್ಲಾಸ್ ಹೆಸರು ನೋಡಿ ಅದರ ಫೈಲನ್ನು ಹುಡುಕಿ ತೆರೆಯುವ ಆಟೋಲೋಡರನ್ನು.

ಇಂದು ಬಹುತೇಕ ಕಡೆ ನಡೆಯುವುದು ನೇಮ್‌ಸ್ಪೇಸಿಗೂ ಫೋಲ್ಡರಿಗೂ ತಾಳೆ ಹಾಕುವ ಪಿಎಸ್‌ಆರ್-4 ಪದ್ಧತಿ, 2013ರ ಡಿಸೆಂಬರ್‌ನಲ್ಲಿ ಒಪ್ಪಿಗೆಯಾದದ್ದು. ಲೈಬ್ರರಿಗಳನ್ನು ತಂದು ಜೋಡಿಸಿ ಆಟೋಲೋಡರನ್ನೂ ಮಾಡಿಕೊಡುವ ಕಂಪೋಸರ್‌ನ ಜೆಸನ್ ಫೈಲಿನಲ್ಲಿ "ಮಂಡಿ\\" ಎಂಬ ಹೆಸರಿಗೆ "ಮೂಲ/" ಎಂಬ ಫೋಲ್ಡರ್ ಕೊಟ್ಟಿದ್ದರೆ ಮಂಡಿ\ಲೆಕ್ಕ\ರಸೀದಿ ಎಂಬ ಕ್ಲಾಸ್ ಮೂಲ/ಲೆಕ್ಕ/ರಸೀದಿ.ಪಿಎಚ್‌ಪಿ ಎಂಬ ಫೈಲಿನಲ್ಲಿರಬೇಕು. ಜೆಸನ್‌ನಲ್ಲಿ ಸ್ಲ್ಯಾಶ್ ಎರಡು ಬರೆಯಬೇಕು, ಕೊನೆಯಲ್ಲೂ ಇರಬೇಕು. ಆ ಫೈಲ್ ತಿದ್ದಿದ ಮೇಲೆ ‘ಕಂಪೋಸರ್ ಡಂಪ್-ಆಟೋಲೋಡ್’ ಓಡಿಸದೆ ಬದಲಾವಣೆ ಜಾರಿಗೆ ಬರುವುದಿಲ್ಲ. ಇದನ್ನು ಮರೆತು ಅರ್ಧ ದಿನ ಕಳೆದವರ ಪಟ್ಟಿಯಲ್ಲಿ ನನ್ನ ಹೆಸರು ಮೇಲೇ ಇದೆ. ಫೋಲ್ಡರಿಗೂ ನೇಮ್‌ಸ್ಪೇಸಿಗೂ ತಾಳೆಯಿಲ್ಲದ ಕ್ಲಾಸ್‌ಗಳನ್ನು ಆಪ್ಟಿಮೈಸ್ ಮಾಡಿ ಡಂಪ್ ಮಾಡಿದಾಗ ಹಳೆಯ ಕಂಪೋಸರ್ ಹೇಗೋ ಸಹಿಸಿಕೊಳ್ಳುತ್ತಿತ್ತು, 2020ರ ಕಂಪೋಸರ್ 2 ಎಚ್ಚರಿಕೆ ಕೊಟ್ಟು ಅವನ್ನು ಬಿಟ್ಟೇ ಬಿಡುತ್ತದೆ. ಕಂಪೋಸರ್ ಮೇಲ್ದರ್ಜೆಗೇರಿಸಿದ ಮರುದಿನ ಹಳೆಯ ಕ್ಲಾಸ್‌ಗಳು ಮಾಯವಾದರೆ ಡಂಪ್ ಮಾಡುವಾಗ ಬರುವ ಹಳದಿ ಸಾಲುಗಳನ್ನು ಓದಿ.

‘ನನ್ನ ಲ್ಯಾಪ್‌ಟಾಪಲ್ಲಿ ನಡೆಯುತ್ತೆ, ಸರ್ವರಲ್ಲಿ ನಡೆಯಲ್ಲ’ ಎಂಬ ದೂರಿಗೆ ಹತ್ತರಲ್ಲಿ ಬಹುಪಾಲು ಕಾರಣ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ. ಪಿಎಚ್‌ಪಿಗೆ ಕ್ಲಾಸ್ ಹೆಸರಿನಲ್ಲಿ ಈ ಭೇದವಿಲ್ಲ. ವಿಂಡೋಸಿನ ಫೈಲ್ ಹೆಸರಿಗೂ ಸಾಮಾನ್ಯವಾಗಿ ಇಲ್ಲ. ಲಿನಕ್ಸಿಗೆ ಇದೆ. ಆಟೋಲೋಡರ್ ನೀವು ಬರೆದ ಹೆಸರನ್ನೇ ಫೈಲ್ ಹೆಸರಾಗಿ ತಿರುಗಿಸುವುದರಿಂದ ಒಂದಕ್ಷರ ದೊಡ್ಡದಾಗಿದ್ದರೂ ಲಿನಕ್ಸ್ ಸರ್ವರಿನಲ್ಲಿ ಫೈಲ್ ಸಿಗುವುದಿಲ್ಲ. ಇದಕ್ಕಿಂತ ಕೆಟ್ಟದ್ದು ಆಗಾಗ ಮಾತ್ರ ಕಾಣಿಸುವ ತಪ್ಪು: ಬೇರೊಂದು ಕಡೆ ಸರಿಯಾದ ಅಕ್ಷರದಲ್ಲಿ ಕರೆದು ಕ್ಲಾಸ್ ಅದಾಗಲೇ ಲೋಡ್ ಆಗಿದ್ದರೆ ತಪ್ಪಾಗಿ ಬರೆದ ಸಾಲೂ ನಡೆದುಬಿಡುತ್ತದೆ. ಒಂದು ಪುಟದಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು. ಫೈಲ್ ಹೆಸರು ತಿದ್ದಿದರೂ ಸರ್ವರಿಗೆ ಹೋಗದಿದ್ದರೆ ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಆ ಬದಲಾವಣೆಯನ್ನು ಗಮನಿಸಿಲ್ಲ. ‘ಗಿಟ್ ಎಂವಿ’ಯಿಂದಲೇ ಹೆಸರು ಬದಲಿಸಿ.

ಎಲ್ಲ ಸರಿಯಿದ್ದೂ ಸರ್ವರ್ ಹಳೆಯ ಹಾಡೇ ಹಾಡುತ್ತಿದ್ದರೆ ಕಂಪೈಲ್ ಆದ ಕೋಡನ್ನು ನೆನಪಿನಲ್ಲಿಟ್ಟುಕೊಳ್ಳುವ ಓಪಿಕ್ಯಾಶ್ ಹಳೆಯ ಫೈಲನ್ನೇ ಹಿಡಿದುಕೊಂಡಿರಬಹುದು. ಫೈಲ್ ಬದಲಾದ ಸಮಯದ ಪರೀಕ್ಷೆ ಆಫ್ ಮಾಡಿಟ್ಟ ಸರ್ವರ್‌ಗಳಲ್ಲಿ ಪಿಎಚ್‌ಪಿ ರೀಸ್ಟಾರ್ಟ್ ಮಾಡದೆ, ಇಲ್ಲವೇ ಆ ಕ್ಯಾಶ್ ಖಾಲಿ ಮಾಡದೆ, ಹೊಸ ಕೋಡ್ ಓದುವುದಿಲ್ಲ.

ಸದ್ದಿಲ್ಲದ ದೋಷ

ಇಲ್ಲಿಯವರೆಗಿನವು ಕೂಗಿ ಹೇಳುವ ದೋಷಗಳು, ಅವಕ್ಕೆ ಹೆದರಬೇಕಾಗಿಲ್ಲ. ನನ್ನ ನಿದ್ದೆ ಕೆಡಿಸಿದ್ದು ಬೇರೆಯದು.

ಒಂದು ಅಡಿಕೆ ಮಂಡಿಗೆ ಬಿಲ್ಲಿನ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ರಸೀದಿ ಉಳಿಸಿ, ಬೆಳೆಗಾರರ ಮೊಬೈಲಿಗೆ ಎಸ್‌ಎಂಎಸ್ ಕಳಿಸಿ, ಆಮೇಲೆ ಮುದ್ರಿಸುವುದು. ಎಸ್‌ಎಂಎಸ್ ಹೋಗದಿದ್ದರೂ ಮುದ್ರಣ ನಿಲ್ಲಬಾರದೆಂದು ಟ್ರೈ-ಕ್ಯಾಚ್ ಹಾಕಿದ್ದೆ. ಆರು ತಿಂಗಳು ತೊಂದರೆಯಿಲ್ಲದೆ ನಡೆಯಿತು. ಒಂದು ದಿನ ಗುಮಾಸ್ತರ ಫೋನು: “ಸಾರ್, ಪೇಜು ಬೆಳ್ಳಗೆ ಬರ್ತಾ ಇದೆ. ಮತ್ತೆ ಒತ್ತಿದ್ರೆ ಅದೇ. ಈಗ ನೋಡಿದ್ರೆ ಒಂದೇ ಮಾಲಿಗೆ ಮೂರು ರಸೀದಿ ಆಗಿವೆ.”

ಆ ದಿನ ಎಸ್‌ಎಂಎಸ್ ಸೇವೆ ಕೆಟ್ಟಿತ್ತು. ಕ್ಯಾಚ್ ಹಿಡಿಯಬೇಕಿತ್ತು, ಹಿಡಿದಿರಲಿಲ್ಲ. ಲಾಗ್ ತೆರೆದರೆ ‘ಅನ್‌ಕಾಟ್ ಎಕ್ಸೆಪ್ಶನ್’, ಸಾಲಿನ ಸಂಖ್ಯೆ ನೋಡಿದರೆ ಟ್ರೈ ಒಳಗಿನದೇ. ಬಲೆಯ ಒಳಗೇ ಇದ್ದ ಮೀನು ಹೊರಗೆ ಹೇಗೆ ಬಂತು? ಒಂದು ಗಂಟೆ ದಿಟ್ಟಿಸಿದ ಮೇಲೆ ಕಂಡಿತು:

ಕ್ಯಾಚ್ (ಎಕ್ಸೆಪ್ಶನ್ $ತಪ್ಪು)

ಫೈಲಿನ ತಲೆಯಲ್ಲಿ ನೇಮ್‌ಸ್ಪೇಸ್ ಮಂಡಿ\ಲೆಕ್ಕ ಇತ್ತು. ಹಾಗಾಗಿ ಈ ಕ್ಯಾಚ್ ಕಾಯುತ್ತಿದ್ದದ್ದು ಮಂಡಿ\ಲೆಕ್ಕ\ಎಕ್ಸೆಪ್ಶನ್ ಎಂಬ, ಲೋಕದಲ್ಲೇ ಇಲ್ಲದ ಕ್ಲಾಸಿಗೆ. ಇಲ್ಲದ ಕ್ಲಾಸ್ ಹೆಸರನ್ನು ಕ್ಯಾಚ್‌ನಲ್ಲಿ ಬರೆದರೆ ಪಿಎಚ್‌ಪಿ ಆಟೋಲೋಡರನ್ನು ಕರೆಯುವುದೂ ಇಲ್ಲ, ದೂರುವುದೂ ಇಲ್ಲ. ಹೊಂದಲಿಲ್ಲ ಅಂತ ಮುಂದೆ ಸಾಗುತ್ತದೆ. ಒಂದು ಸ್ಲ್ಯಾಶ್ ಹಾಕಿ \ಎಕ್ಸೆಪ್ಶನ್ ಮಾಡಿದ ಮೇಲೆ ಸರಿಹೋಯಿತು. ರದ್ದಾದ ರಸೀದಿಗಳನ್ನು ಲೆಕ್ಕಕ್ಕೆ ಹೊಂದಿಸಲು ಎರಡು ದಿನ ಹಿಡಿಯಿತು, ಅದು ಬೇರೆ ಮಾತು.

ಇನ್‌ಸ್ಟನ್ಸ್‌ಆಫ್ ಕೂಡ ಇದೇ ಜಾತಿ. ಕ್ಲಾಸ್ ಇಲ್ಲದಿದ್ದರೆ ತಪ್ಪು ಕೊಡದೆ ಫಾಲ್ಸ್ ಎನ್ನುತ್ತದೆ, ಇಫ್‌ನ ಎಲ್ಸ್ ಭಾಗ ನಡೆದುಹೋಗುತ್ತದೆ, ಯಾರಿಗೂ ತಿಳಿಯುವುದಿಲ್ಲ. ಪ್ಯಾರಾಮೀಟರ್‌ಗೆ ಬರೆದ ಟೈಪ್ ಮಾತ್ರ ಸ್ವಲ್ಪ ಪ್ರಾಮಾಣಿಕ: ಫಂಕ್ಷನ್ ಕರೆದಾಗ ‘ಮಂಡಿ\ಲೆಕ್ಕ\ಡೇಟ್‌ಟೈಮ್ ಬೇಕಿತ್ತು, ಡೇಟ್‌ಟೈಮ್ ಕೊಟ್ಟಿದ್ದೀರಿ’ ಎಂಬ ಅರ್ಥದ ಟೈಪ್‌ಎರರ್ ಬರುತ್ತದೆ. ಮೊದಲ ಸಲ ಓದಿದಾಗ ಹುಚ್ಚು ಮಾತಿನಂತೆ ಕಾಣುವ ಈ ಸಾಲು ಮೇಲಿನದೆಲ್ಲ ತಿಳಿದ ಮೇಲೆ ತಾನೇ ಅರ್ಥವಾಗುತ್ತದೆ.

ಸದ್ದಿಲ್ಲದವನ್ನು ಸದ್ದು ಮಾಡುವ ಮೊದಲೇ ಹಿಡಿಯಲು ನಾನು ಮಾಡುವುದು ಇಷ್ಟು: ಇಡೀ ಪ್ರಾಜೆಕ್ಟಿನಲ್ಲಿ ಕ್ಯಾಚ್ ಮತ್ತು ಇನ್‌ಸ್ಟನ್ಸ್‌ಆಫ್ ಹುಡುಕಿ, ಮುಂದೆ ಸ್ಲ್ಯಾಶ್ ಇಲ್ಲದ ಪ್ರತಿಯೊಂದು ಹೆಸರಿಗೂ ಫೈಲಿನ ತಲೆಯಲ್ಲಿ ಯೂಸ್ ಇದೆಯೇ, ಅಥವಾ ಅದೇ ನೇಮ್‌ಸ್ಪೇಸಿನ ಕ್ಲಾಸೇ ಎಂದು ನೋಡುವುದು. ಪಿಎಚ್‌ಪಿಸ್ಟಾನ್‌ನಂಥ ಪರೀಕ್ಷಕ ಇದ್ದರೆ ಅದು ಕೋಡ್ ಓಡಿಸದೆಯೇ ಇಂಥ ಇಲ್ಲದ ಹೆಸರುಗಳನ್ನು ಬೊಟ್ಟು ಮಾಡುತ್ತದೆ. ಹಾಗೇ, ಕ್ಯಾಚ್ ಬರೆದವರು ಒಮ್ಮೆಯಾದರೂ ಟ್ರೈ ಒಳಗೆ ಬೇಕೆಂದೇ ಒಂದು ಎಕ್ಸೆಪ್ಶನ್ ಎಸೆದು ನೋಡಬೇಕು. ನಾನು ನೋಡಿರಲಿಲ್ಲ.

ಸ್ಟ್ರಿಂಗ್ ಒಳಗಿನ ಹೆಸರು

$ಹೆಸರು = 'ರಸೀದಿ';
$ವಸ್ತು = ನ್ಯೂ $ಹೆಸರು;

ಮೇಲೆ ಯೂಸ್ ಇದ್ದರೂ ಇದು ನಡೆಯುವುದಿಲ್ಲ. ಯೂಸ್ ಕರಾರು ಕಂಪೈಲ್ ಆಗುವಾಗಿನ ಮಾತು. ಸ್ಟ್ರಿಂಗ್‌ನಲ್ಲಿ ಏನಿದೆ ಎಂದು ತಿಳಿಯುವುದು ಓಡುವಾಗ. ಆ ಹೊತ್ತಿಗೆ ಕರಾರು ಮುಗಿದಿರುತ್ತದೆ. ಸ್ಟ್ರಿಂಗ್‌ನಲ್ಲಿ ಪೂರ್ಣ ಹೆಸರೇ ಇರಬೇಕು, ಮುಂದಿನ ಸ್ಲ್ಯಾಶ್ ಬೇಕಿಲ್ಲ. ಡಬಲ್ ಕೋಟ್ ಹಾಕಿದ್ದರೆ ಇನ್ನೊಂದು ಗುಂಡಿ: ಸ್ಲ್ಯಾಶ್ ಆದಮೇಲೆ ಇಂಗ್ಲಿಷಿನ ಸಣ್ಣ ಎನ್ ಬಂದರೆ ಅದು ಹೊಸ ಸಾಲು, ಸಣ್ಣ ಟಿ ಬಂದರೆ ಟ್ಯಾಬ್. ಸಂದೇಶದಲ್ಲಿ ಕ್ಲಾಸ್ ಹೆಸರು ಎರಡು ಸಾಲಾಗಿ ಮುರಿದು ಬಿದ್ದಿದ್ದರೆ ಇದೇ ಕಾರಣ. ಸ್ಟ್ರಿಂಗ್ ಬರೆಯುವುದನ್ನೇ ಬಿಟ್ಟು ರಸೀದಿ::ಕ್ಲಾಸ್ ಎಂದು ಬರೆದರೆ ಎರಡು ಗುಂಡಿಯೂ ತಪ್ಪುತ್ತವೆ.

ಮೊದಲ ಸಾಲಿನ ತಕರಾರು

‘ನೇಮ್‌ಸ್ಪೇಸ್ ಘೋಷಣೆ ಮೊದಲ ಸ್ಟೇಟ್‌ಮೆಂಟ್ ಆಗಿರಬೇಕು’ ಎಂಬ ತಪ್ಪು ಬಂದರೆ ಅದರ ಮುಂದೆ ಏನೋ ಇದೆ. ಡಿಕ್ಲೇರ್ ಸಾಲಿಗೂ ಕಾಮೆಂಟಿಗೂ ವಿನಾಯಿತಿ. ಆರಂಭದ ಟ್ಯಾಗಿನ ಮುಂಚಿನ ಒಂದು ಖಾಲಿ ಸಾಲಿಗೆ ವಿನಾಯಿತಿಯಿಲ್ಲ. ಕಣ್ಣಿಗೆ ಏನೂ ಕಾಣದಿದ್ದರೆ ಎಡಿಟರ್ ಫೈಲನ್ನು ಬಿಒಎಂ ಎಂಬ, ಆರಂಭದಲ್ಲಿ ಕೂರುವ ಕಾಣದ ಗುರುತಿನ ಸಹಿತ ಉಳಿಸಿರಬಹುದು, ಬಿಒಎಂ ಇಲ್ಲದ ಯುಟಿಎಫ್-8 ಆರಿಸಿ ಮತ್ತೆ ಉಳಿಸಿ.

ಕನ್ನಡದಲ್ಲಿ ಹೆಸರಿಟ್ಟರೆ

ಪಿಎಚ್‌ಪಿ ಹೆಸರುಗಳನ್ನು ಬೈಟ್‌ಗಳಾಗಿ ನೋಡುತ್ತದೆ. ಯುಟಿಎಫ್-8ರಲ್ಲಿ ಕನ್ನಡಾಕ್ಷರದ ಬೈಟ್‌ಗಳೆಲ್ಲ 128 ಅಥವಾ ಅದಕ್ಕಿಂತ ಮೇಲಿನವು, ಅವಕ್ಕೆಲ್ಲ ಹೆಸರಿನಲ್ಲಿ ಪ್ರವೇಶವಿದೆ. ದೊಡ್ಡಕ್ಷರ, ಸಣ್ಣಕ್ಷರದ ಜಗಳ ನಮ್ಮ ಲಿಪಿಯಲ್ಲಿ ಇಲ್ಲವೇ ಇಲ್ಲ. ಕಲಿಸುವಾಗ ನಾನು ಹೀಗೆ ಬರೆಯುತ್ತೇನೆ, ಮಕ್ಕಳಿಗೆ ಕೀವರ್ಡ್ ಯಾವುದು, ನಾವಿಟ್ಟ ಹೆಸರು ಯಾವುದು ಎಂದು ನೋಡಿದ ಕೂಡಲೇ ತಿಳಿಯುತ್ತದೆ.

ತೊಂದರೆ ಒಂದಿದೆ, ಅದು ಕಣ್ಣಿಗೆ ಕಾಣುವುದಿಲ್ಲ. ‘ಬಿಲ್‌ಗಳು’ ಎಂದು ಒತ್ತಕ್ಷರವಾಗದಂತೆ ಬರೆಯಲು ಲ್ ಆದಮೇಲೆ ಅಗಲವಿಲ್ಲದ ಒಂದು ಅಕ್ಷರವನ್ನು ಕೀಬೋರ್ಡ್ ಸೇರಿಸುತ್ತದೆ, ಟೈಪ್ ಮಾಡುವವರು ಅದನ್ನು ಜೆಡ್‌ಡಬ್ಲ್ಯುಎನ್‌ಜೆ ಅನ್ನುತ್ತಾರೆ. ಆಮೇಲೆ ‘ಗಳು’ ಅಳಿಸಿ ಬರೀ ‘ಬಿಲ್’ ಮಾಡಿದರೆ ಆ ಅಕ್ಷರ ಬಾಲದಲ್ಲಿ ಉಳಿದುಬಿಡುತ್ತದೆ. ನೋಡಲು ಎರಡೂ ‘ಬಿಲ್’ ಒಂದೇ. ಪಿಎಚ್‌ಪಿಗೆ ಎರಡು ಬೇರೆ ಕ್ಲಾಸ್. ಚೀಟಿ, ಸಂದೇಶ, ಫೈಲ್ ಹೆಸರು ಎಲ್ಲ ತಾಳೆಯಾಗುತ್ತವೆ, ಕ್ಲಾಸ್ ಮಾತ್ರ ಸಿಗುವುದಿಲ್ಲ. ಇನ್ನೊಂದು ಸೂಕ್ಷ್ಮ: ‘ಕೊ’ದಲ್ಲಿನ ಒತ್ವವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರ ಎರಡನ್ನು ಕೂಡಿಸಿಯೂ ಬರೆಯಬಹುದು. ಹಳೆಯ ಮ್ಯಾಕ್‌ಗಳ ಫೈಲ್ ವ್ಯವಸ್ಥೆ ಹೆಸರನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು, ಅಲ್ಲಿಂದ ಲಿನಕ್ಸಿಗೆ ಹೋದ ಫೈಲ್ ಹೆಸರು ಕೋಡಿನ ಹೆಸರಿಗೆ ಹೊಂದದೆ ಹೋಗಬಹುದು.

ಇಂಥಲ್ಲಿ ಕಣ್ಣನ್ನು ನಂಬದೆ ಉದ್ದ ಅಳೆಯಿರಿ:

ಎಕೋ ಸ್ಟ್ರ್‌ಲೆನ್(ಬಿಲ್::ಕ್ಲಾಸ್);

ಸ್ಟ್ರ್‌ಲೆನ್ ಎಣಿಸುವುದು ಬೈಟ್‌ಗಳನ್ನು, ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್. ಮಂಡಿ\ಬಿಲ್ ಎಂಬ ಹೆಸರಿನಲ್ಲಿ ‘ಮಂಡಿ’ಗೆ ನಾಲ್ಕು ಚಿಹ್ನೆ, ‘ಬಿಲ್’ಗೆ ನಾಲ್ಕು, ನಡುವೆ ಸ್ಲ್ಯಾಶ್ ಒಂದು: 25 ಬರಬೇಕು. 28 ಬಂದರೆ ಬಾಲದಲ್ಲಿ ಅದು ಕೂತಿದೆ. ಹೆಸರನ್ನು ಪೂರ್ತಿ ಅಳಿಸಿ ಮೊದಲಿನಿಂದ ಟೈಪ್ ಮಾಡಿ. ಕೊನೆಯಿಂದ ಒಂದಕ್ಷರ ಅಳಿಸಿ ನೋಡುತ್ತೇನೆ ಎಂದರೆ ಏನು ಅಳಿಯಿತು ಅಂತ ನಿಮಗೂ ಕಾಣುವುದಿಲ್ಲ.